ಪ್ಯಾನೆಲ್ ಆಮೇಲೆ, ಮೊದಲು ಪ್ಲಾನ್ ನೋಡಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಮನೆ ಪುರವಣಿಯಲ್ಲಿ ಕರೆಂಟ್ ಉಳಿಸುವ ಮನೆಯ ಬಗ್ಗೆ ಏನೇ ಬರಲಿ, ಸೋಲಾರ್ ಪ್ಯಾನೆಲ್‌ನಿಂದ ಶುರುವಾಗಿ ಅಲ್ಲೇ ಮುಗಿಯುತ್ತದೆ. ಪ್ಯಾನೆಲ್ ಬೇಡ ಅಂತಲ್ಲ. ಅದನ್ನು ಮನೆ ಕಟ್ಟಿ ಹತ್ತು ವರ್ಷವಾದ ಮೇಲೂ ಹಾಕಿಸಬಹುದು. ಆದರೆ ಕಿಟಕಿ ಯಾವ ದಿಕ್ಕಿಗೆ, ತಾರಸಿಯ ಮೇಲೆ ಏನು, ಗೋಡೆಯೊಳಗೆ ಏನು ಅನ್ನೋದು ಪಾಯ ತೋಡುವ ಮೊದಲೇ ತೀರ್ಮಾನ ಆಗಬೇಕು. ಆಮೇಲೆ ಒಡೆದು ಕಟ್ಟೋಕೆ ಯಾರಿಂದ ಆಗುತ್ತದೆ?

ಪಶ್ಚಿಮದ ಕಿಟಕಿಯನ್ನೇ ನೋಡಿ. ನಡುಮಧ್ಯಾಹ್ನದ ಬಿಸಿಲು ಮೇಲಿಂದ ಬೀಳುವಾಗ ಸಜ್ಜಾ ತಡೆಯುತ್ತದೆ, ಸೂರ್ಯ ಕೆಳಗಿಳಿದ ಮೇಲೆ ಅದೇ ಬಿಸಿಲು ಸಜ್ಜಾದ ಅಡಿಯಿಂದ ನೇರ ಒಳಗೆ ನುಗ್ಗುತ್ತದೆ. ಪರದೆ ಎಳೆದರೆ ಕಣ್ಣಿಗೆ ತಂಪು, ಕೋಣೆಗಲ್ಲ. ಗಾಜು ದಾಟಿ ಬಂದ ಬಿಸಿಲಿಗೆ ಪರದೆ ಕಾಯುತ್ತದೆ, ಪರದೆಯ ಬಿಸಿ ಕೋಣೆಯಲ್ಲೇ ಸುತ್ತುತ್ತದೆ, ನಾವು ಏಸಿ ಜಾಸ್ತಿ ಮಾಡುತ್ತೇವೆ. ಬಿಸಿಲನ್ನು ಗಾಜಿನ ಹೊರಗಡೆಯೇ ತಡೆಯಬೇಕು: ಶಟರ್, ಜಾಲಿ, ಒಂದು ಮರ, ಯಾವುದಾದರೂ ಸರಿ. ಇಲ್ಲವೇ ಆ ಗೋಡೆಗೆ ಚಿಕ್ಕ ಕಿಟಕಿ ಸಾಕು.

ಸೆಕೆ ಜಾಸ್ತಿ ಇರುವ ಕಡೆ ತಾರಸಿಯದು ಇನ್ನೊಂದು ಕಥೆ. ಹಗಲೆಲ್ಲ ಕಾದ ಕಾಂಕ್ರೀಟ್ ನಾವು ಮಲಗುವ ಹೊತ್ತಿಗೆ ಬಿಸಿಯನ್ನು ಕೆಳಗೆ ಬಿಡುತ್ತದೆ. ಸ್ಲ್ಯಾಬಿನ ಮೇಲ್ಗಡೆ ಇನ್ಸುಲೇಷನ್ (ಬಿಸಿ ದಾಟದಂತೆ ತಡೆಯುವ ಪದರ), ಅದರ ಮೇಲೆ ಬಿಳಿ ಬಣ್ಣ ಇದ್ದರೆ ಸ್ಲ್ಯಾಬ್ ಅಷ್ಟು ಕಾಯುವುದೇ ಇಲ್ಲ.

ಚಳಿ ದೇಶದವರು ಇದನ್ನು ಎಷ್ಟು ದೂರ ಒಯ್ದಿದ್ದಾರೆ ಗೊತ್ತಾ? ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ತೀರಾ ಕಡಿಮೆ ಬಿಸಿ ಕೊಟ್ಟರೂ ಬೆಚ್ಚಗಿರುವಂಥ ಮೊದಲ ಪ್ಯಾಸಿವ್ ಹೌಸ್‌ಗೆ, ಸಾಲಾಗಿ ಕಟ್ಟಿದ ನಾಲ್ಕು ಮನೆಗಳವು, 1991ರಲ್ಲೇ ನಾಲ್ಕು ಕುಟುಂಬಗಳು ಬಂದಿದ್ದವು. ದಪ್ಪ ಇನ್ಸುಲೇಷನ್, ಮೂರು ಪದರದ ಗಾಜು, ಹೊರಹೋಗುವ ಗಾಳಿಯ ಬಿಸಿಯನ್ನು ಒಳಬರುವ ತಾಜಾ ಗಾಳಿಗೆ ದಾಟಿಸುವ ಯಂತ್ರ. ಮನೆ ಬೆಚ್ಚಗಿಡಲು ಬೇಕಾದ ಬಿಸಿ ಚದರ ಮೀಟರಿಗೆ ವರ್ಷಕ್ಕೆ 15 ಯೂನಿಟ್ ದಾಟಬಾರದು ಅನ್ನೋದು ಪ್ಯಾಸಿವ್ ಹೌಸ್ ಲೆಕ್ಕ. ಗಾಳಿ ಸೋರುವುದನ್ನೂ ಅಳೆಯುತ್ತಾರೆ. ಬಾಗಿಲಿಗೆ ದೊಡ್ಡ ಫ್ಯಾನ್ ಕಟ್ಟಿ, ಒಳಗೂ ಹೊರಗೂ 50 ಪಾಸ್ಕಲ್ ಒತ್ತಡದ ವ್ಯತ್ಯಾಸ ತಂದು, ಚೌಕಟ್ಟಿನ ಸಂದು, ಪೈಪ್ ಹೋಗುವ ತೂತು ಎಲ್ಲ ಹುಡುಕುತ್ತಾರೆ. ಒಳಗಿನ ಫಿನಿಶಿಂಗ್ ಮುಗಿಯುವ ಮೊದಲೇ ಇದನ್ನು ಒಂದು ಸಲ ಮಾಡಿಸಿಬಿಡಬೇಕು, ಆಮೇಲೆ ತೂತು ಸಿಕ್ಕರೂ ಮುಚ್ಚೋದು ಕಷ್ಟ.

ಯಂತ್ರಗಳ ಸರದಿ ಇದೆಲ್ಲ ಆದಮೇಲೆ. ಹೊರಗಿನ ಗಾಳಿಯ ಅಥವಾ ನೆಲದ ಬಿಸಿಯನ್ನು ಒಳಗೆ ಎಳೆದು ತರುವ ಹೀಟ್ ಪಂಪ್ ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಬಿಸಿ ಕೊಡುತ್ತದೆ, ನಿಜ, ಒಳ್ಳೆಯದೇ. ಆದರೆ ಸೋರುವ ಮನೆಗೆ ಅದನ್ನು ತರೋದು ತೂತು ಕೊಡಕ್ಕೆ ನೀರು ತುಂಬಿದ ಹಾಗೆ. ಇನ್ನು, ಯಾವಾಗಲೋ ಬರುವ ನೆಂಟರಿಗೆ ಅಂತ ಎರಡು ಕೋಣೆ ಜಾಸ್ತಿ ಕಟ್ಟಿಸಿ ಕರೆಂಟ್ ಬಿಲ್ ಬಗ್ಗೆ ಗೊಣಗುವವರಿಗೆ ಏನು ಹೇಳೋಣ ಬಿಡಿ.

ಒಂದು ಕೋರಿಕೆ. ನೀವು ಅಚ್ಚು ಹಾಕುವ ಮನೆ ಪ್ಲಾನ್‌ಗಳಲ್ಲಿ ಉತ್ತರ ದಿಕ್ಕಿನ ಬಾಣವೇ ಇರೋದಿಲ್ಲ. ಅದಿಲ್ಲದೆ ಆ ಕಿಟಕಿಗಳ ಬಗ್ಗೆ ಓದುಗರು ಏನಂತ ತಿಳಿದುಕೊಳ್ಳಬೇಕು? ಬಾಣ ಹಾಕಿ, ಕಿಟಕಿಯ ಅಳತೆ ಹಾಕಿ, ತಾರಸಿಯಲ್ಲಿ ಯಾವ ಯಾವ ಪದರ ಇದೆ ಅಂತ ಒಂದು ಸಾಲು ಬರೆಯಿರಿ. ಜಾಗ ಸಾಲದಿದ್ದರೆ ಟೈಲ್ಸ್ ಫೋಟೊ ಒಂದು ಕಡಿಮೆ ಮಾಡಿ.

ಇಂತಿ,
ಒಬ್ಬ ಓದುಗ