ರಜೆಯ ಪ್ರಾಜೆಕ್ಟ್ ಯಾರದ್ದು?

ಮಾನ್ಯ ಸಂಪಾದಕರೇ,

ಕುಮಟಾದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಮೇ ಕೊನೆಯ ವಾರ ಅಂದ್ರೆ ನಮಗೆ ಸುಗ್ಗಿ. ಶಾಲೆ ಶುರುವಾಗಲು ನಾಲ್ಕು ದಿನ ಇದೆ ಅನ್ನುವಾಗ ಅಪ್ಪ ಅಮ್ಮಂದಿರು ವಾಟ್ಸ್ಆ್ಯಪ್‌ನಲ್ಲಿ ಬಂದ ಪಟ್ಟಿ ಹಿಡಿದು ಓಡಿ ಬರುತ್ತಾರೆ. ಸೌರಮಂಡಲ, ಜಲಚಕ್ರ, ಏಳು ಅದ್ಭುತಗಳು. ಪ್ರಾಜೆಕ್ಟ್ ಮಾಡಬೇಕಾದವರು ಹೊರಗೆ ಸ್ಕೂಟರ್ ಮೇಲೆ ಕೂತು ಐಸ್‌ಕ್ಯಾಂಡಿ ಚೀಪುತ್ತಿರುತ್ತಾರೆ. ಒಂದೇ ಫೈಲಿನಲ್ಲಿ ಹೆಸರು ಬದಲಿಸಿ ಹನ್ನೊಂದು ಮಕ್ಕಳಿಗೆ ಪ್ರಿಂಟ್ ಕೊಟ್ಟವನು ನಾನು. ತಪ್ಪಿನಲ್ಲಿ ನನ್ನ ಪಾಲೂ ಇದೆ, ಇಲ್ಲ ಅನ್ನುವುದಿಲ್ಲ.

ಕಳೆದ ವರ್ಷ ಅಘನಾಶಿನಿ ಹೊಳೆ ದಂಡೆಯ ಹುಡುಗನೊಬ್ಬ ರಾಮ್ಸರ್ ತಾಣಗಳ, ಅಂದ್ರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ, ಚಿತ್ರ ಬೇಕು ಅಂತ ಬಂದ. ಒಡಿಶಾದ ಚಿಲಿಕಾ ಸರೋವರದ ಕಲರ್ ಪ್ರಿಂಟ್ ತಗೊಂಡು ಹೋದ. 2024ರಲ್ಲಿ ಅಘನಾಶಿನಿ ಅಳಿವೆಯೂ (ಹೊಳೆ ಸಮುದ್ರ ಸೇರುವ ಜಾಗ) ರಾಮ್ಸರ್ ಪಟ್ಟಿಗೆ ಸೇರಿದೆ. ಅವನ ಮನೆ ಹಿತ್ತಿಲಿಗೆ ಭರತಿಯ ನೀರು ಬರುತ್ತದೆ. ಅದು ಅವನಿಗೂ ಹೊಳೆಯಲಿಲ್ಲ, ದುಡ್ಡು ಎಣಿಸುತ್ತಿದ್ದ ನನಗೂ ಹೊಳೆಯಲಿಲ್ಲ.

ಇನ್ನೊಬ್ಬಳು ಬಂದಿದ್ದಳು, ಏಳನೇ ಕ್ಲಾಸು. ಎರಡು ಗ್ರಾಫ್ ಹಾಳೆ ಕೇಳಿದಳು. ಯಾಕೆ ಅಂತ ಕೇಳಿದರೆ ನೋಟ್‌ಬುಕ್ ತೆಗೆದು ತೋರಿಸಿದಳು. ಅವಳ ಅಜ್ಜಿ ನೀರು ಇಳಿದಾಗ ಹೊಳೆಗೆ ಹೋಗಿ ಬಳಚು (ತಿನ್ನುವ ಚಿಪ್ಪು) ಆರಿಸುತ್ತಾರೆ. ಅಜ್ಜಿ ಮನೆ ಬಿಡುವ ಹೊತ್ತನ್ನು ಹುಡುಗಿ ದಿನಾ ಬರೆದಿಟ್ಟಿದ್ದಾಳೆ. ಸೋಮವಾರ ಬೆಳಿಗ್ಗೆ 7, ಮಂಗಳವಾರ 7.50, ಶನಿವಾರ 11 ದಾಟಿದೆ. ನಡುವೆ ಎರಡು ಸಾಲು ಖಾಲಿ. ಕೇಳಿದರೆ, ‘ಮದುವೆಗೆ ಹೋಗಿದ್ವಿ’ ಅಂದಳು. ಸುಳ್ಳು ತುಂಬಿಸಿರಲಿಲ್ಲ, ಅದು ನನಗೆ ಜಾಸ್ತಿ ಹಿಡಿಸಿತು. ‘ದಿನಾ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ತಡ ಆಗ್ತದೆ, ಯಾಕೆ ಅಂಕಲ್?’ ಅಂದಳು. ನನಗೆ ಗೊತ್ತಿರಲಿಲ್ಲ. ರಾತ್ರಿ ಮೊಬೈಲ್‌ನಲ್ಲಿ ಹುಡುಕಿದೆ. ನೀರು ಏರುವುದು ಇಳಿಯುವುದು ಮುಖ್ಯವಾಗಿ ಚಂದ್ರನ ಸೆಳೆತದಿಂದ. ಭೂಮಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಚಂದ್ರ ಸ್ವಲ್ಪ ಮುಂದೆ ಹೋಗಿರುತ್ತಾನೆ. ಅವನ ಎದುರಿಗೆ ಮತ್ತೆ ಬರಲು ಭೂಮಿಗೆ ಇನ್ನೂ ಸುಮಾರು 50 ನಿಮಿಷ ಬೇಕು. ಅಜ್ಜಿಗೆ ಇದೆಲ್ಲ ತಿಥಿ ಲೆಕ್ಕದಲ್ಲೇ ಗೊತ್ತು.

ಆದರೆ ಅದು ಅವಳ ಪ್ರಾಜೆಕ್ಟ್ ಅಲ್ಲವಂತೆ, ‘ಸುಮ್ನೆ ಬರೆದಿದ್ದು’ ಅಂತೆ. ಶಾಲೆಗೆ ಕೊಡಲಿಕ್ಕೆ ಸೌರಮಂಡಲದ ಪ್ರಿಂಟ್ ಬೇರೆ ತಗೊಂಡಳು. ಅದರಲ್ಲಿ ಚಂದ್ರನೇ ಇರಲಿಲ್ಲ.

‘ಮಕ್ಕಳಿಗೇ ಬಿಟ್ಟರೆ ಏನೂ ಮಾಡುವುದಿಲ್ಲ’ ಅಂತ ಶಿಕ್ಷಕರು ಹೇಳುತ್ತಾರೆ. ಅರ್ಧ ನಿಜ. ‘ಏನಾದ್ರೂ ಮಾಡ್ಕೊಂಡು ಬಾ’ ಅಂದರೆ ಯಾವ ಮಗುವಿಗೂ ದಾರಿ ಕಾಣುವುದಿಲ್ಲ, ಅಲ್ವಾ? ಅದಕ್ಕೇ ಏಪ್ರಿಲ್ 10ರ ಫಲಿತಾಂಶಕ್ಕೆ ಮೊದಲು ಒಂದು ಪೀರಿಯಡ್ ಕೂತು ಮಾತಾಡಲಿ. ನಿನ್ನ ಮನೆಯಲ್ಲಿ ಯಾರು ಏನು ಕೆಲಸ ಮಾಡುತ್ತಾರೆ, ಅದರಲ್ಲಿ ನಿನಗೆ ಅರ್ಥವಾಗದ್ದು ಯಾವುದು ಅಂತ ಕೇಳಲಿ. ಶಿರಸಿ ಕಡೆಯ ಮಗು ಅಪ್ಪೆಮಿಡಿ ಉಪ್ಪಿನಲ್ಲಿ ಯಾಕೆ ಚಿರುಟುತ್ತದೆ ಅಂತ ನೋಡಲಿ. ಸಾಣಿಕಟ್ಟಾದ ಮಗು ಉಪ್ಪಿನಾಗರದಲ್ಲಿ ನೀರು ಎಷ್ಟು ದಿನಕ್ಕೆ ಹರಳಾಗುತ್ತದೆ ಅಂತ ಎಣಿಸಲಿ. ಪ್ರಶ್ನೆ ಮಗುವಿನದ್ದಾಗಿರಲಿ. ಅಳೆಯುವುದು ಹೇಗೆ, ಬರೆಯುವುದು ಹೇಗೆ ಅನ್ನುವುದನ್ನು ಶಿಕ್ಷಕರು ಹೇಳಿಕೊಡಲಿ. ಮಾರ್ಕ್ಸ್ ಕೊಡುವುದು ಕಷ್ಟವಾದರೆ ಕೊಡುವುದೇ ಬೇಡ.

ನನ್ನ ವ್ಯಾಪಾರ ಕಡಿಮೆಯಾದೀತು. ಕಲರ್ ಪ್ರಿಂಟಿಗೆ ಹತ್ತು ರೂಪಾಯಿ, ಗ್ರಾಫ್ ಹಾಳೆಗೆ ಎರಡು. ಈ ಮೇ ತಿಂಗಳಿಗೆ ಗ್ರಾಫ್ ಹಾಳೆಯನ್ನೇ ಒಂದು ಕಟ್ಟು ಜಾಸ್ತಿ ತರಿಸುತ್ತೇನೆ.

– ಜೆರಾಕ್ಸ್ ಅಂಗಡಿಯವ, ಕುಮಟಾ