ಮಂಗಳವಾರದ ಡಾಕ್ಟರು ಬರುವ ದಿನ ಊರಿಗೆ ಗೊತ್ತಾಗಲಿ

ಮಾನ್ಯ ಸಂಪಾದಕರೇ,

ಎದೆ ಢವಢವ, ಹೊಟ್ಟೆಯಲ್ಲಿ ಸಂಕಟ, ರಾತ್ರಿ ಮೂರಕ್ಕೆ ಎಚ್ಚರ. ಇಂಥ ತೊಂದರೆಗೆ ನಮ್ಮ ಜಿಲ್ಲೆಯ ಜನ ಮೊದಲು ಗ್ಯಾಸ್ಟ್ರಿಕ್ ಮಾತ್ರೆ ನುಂಗುತ್ತಾರೆ. ಆಮೇಲೆ ಇಸಿಜಿ, ಆಮೇಲೆ ನರದ ಡಾಕ್ಟರು, ತಲೆಯ ಸ್ಕ್ಯಾನ್. ನಡುವೆ ಚೌಡಿಗೊಂದು ಹರಕೆ. ಹರಕೆ ಬೇಡವೆಂದು ನಾವು ಹೇಳುವುದಿಲ್ಲ, ಅದರ ಜೊತೆಗೇ ಚಿಕಿತ್ಸೆಯೂ ನಡೆಯಲಿ. ಎದೆನೋವಿಗೆ ಇಸಿಜಿ ಮಾಡಿಸುವುದೂ ಸರಿಯೇ. ಆದರೆ ರಿಪೋರ್ಟು ಚೆನ್ನಾಗಿದೆ ಎಂದ ಮೇಲೂ ಎರಡು ವಾರ ನಿದ್ದೆ, ಊಟ, ಕೆಲಸ ಮೂರೂ ಕೆಟ್ಟಿದ್ದರೆ, ಅದು ಮನಸ್ಸಿನ ಕಾಯಿಲೆ ಇರಬಹುದೆಂದು, ಮುಂದೆ ಎಲ್ಲಿಗೆ ಹೋಗಬೇಕೆಂದು ಹೇಳುವವರು ಸಿಗುವುದಿಲ್ಲ. ತಿಂಗಳುಗಟ್ಟಲೆ ಹಾಳಾಗುವುದು ಅಲ್ಲಿಯೇ.

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಚೀಟಿ ಮಾಡಿಸುವಾಗ ವಿಭಾಗದ ಹೆಸರನ್ನೇ ಹೇಳಬೇಕು. ಸಂಕೋಚಕ್ಕೆ 'ತಲೆನೋವು' ಎಂದರೆ ಇನ್ನೊಂದು ಸರದಿಯಲ್ಲಿ ಅರ್ಧ ದಿನ ಹೋಗುತ್ತದೆ. ತಾಲ್ಲೂಕಿನವರಿಗೆ ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮವಿದೆ. ಅದರಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಹಿಂದಿನ ದಿನವೇ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ, ಇಲ್ಲವೇ ಊರಿನ ಆಶಾ ಕಾರ್ಯಕರ್ತೆಯಿಂದ ಕೇಳಿಸಿ. ಮನೆಯಿಂದ ಹೊರಡಲಾಗದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ, ಅಗತ್ಯ ಬಿದ್ದರೆ ತಜ್ಞರಿಗೆ ಕರೆ ದಾಟಿಸುತ್ತಾರೆ.

'ಥೆರಪಿಸ್ಟ್' ಎಂಬ ಒಂದೇ ಬೋರ್ಡಿನಡಿ ಬೇರೆಬೇರೆ ಓದಿನವರು ಕೂತಿರುತ್ತಾರೆ. ಮಾತ್ರೆ ಬರೆಯುವವರು ಮನೋವೈದ್ಯರು. ಎಂಬಿಬಿಎಸ್ ಮೇಲೆ ಮನೋವೈದ್ಯಕೀಯದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪಿಎಂ ಮಾಡಿದವರು. ಕ್ಲಿನಿಕಲ್ ಸೈಕಾಲಜಿಸ್ಟರು ಮಾತಿನ ಚಿಕಿತ್ಸೆ ಕೊಡುವವರು, ಮಾತ್ರೆ ಬರೆಯುವಂತಿಲ್ಲ. ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಅವರಿಗೆ ಇರಬೇಕು. ಆ ನಂಬರ್ ಕೇಳುವುದು ಅವಮಾನವಲ್ಲ, ಓದಿದವರು ನಗುತ್ತಲೇ ಕೊಡುತ್ತಾರೆ. ಆಪ್ತಸಮಾಲೋಚಕರಲ್ಲಿ ಎರಡು ವರ್ಷ ಸಮಾಜಕಾರ್ಯದ ಎಂಎಸ್‌ಡಬ್ಲ್ಯೂ ಓದಿ ಆಸ್ಪತ್ರೆಯಲ್ಲಿ ಪಳಗಿದವರೂ ಇದ್ದಾರೆ, ವಾರಾಂತ್ಯದ ಸರ್ಟಿಫಿಕೇಟ್ ಹಿಡಿದವರೂ ಇದ್ದಾರೆ. ಪರೀಕ್ಷೆಯ ಭಯ, ಗಂಡ ಹೆಂಡಿರ ಮನಸ್ತಾಪಕ್ಕೆ ಪಳಗಿದ ಸಮಾಲೋಚಕರು ಸಾಕು. ಕಿವಿಯಲ್ಲಿ ಯಾರೋ ಮಾತಾಡಿದಂತಾಗುವುದು, ಮೂರು ದಿನ ನಿದ್ದೆಯಿಲ್ಲದೆಯೂ ಉತ್ಸಾಹ ಉಕ್ಕುವುದು, ಸಾಯುವ ಯೋಚನೆ ಇವುಗಳಿದ್ದರೆ ಮೊದಲು ಮನೋವೈದ್ಯರು.

ಮಾತಿನ ಚಿಕಿತ್ಸೆಗೆ ಹೋಗುವ ಮುಂಚೆ ಫೋನಿನಲ್ಲೇ ನಾಲ್ಕು ವಿಷಯ ಕೇಳಿಕೊಳ್ಳಿ: ಒಂದು ಸಲಕ್ಕೆ ಎಷ್ಟು ಹೊತ್ತು, ಎಷ್ಟು ಫೀಸು, ಸುಮಾರು ಎಷ್ಟು ಸಲ ಬರಬೇಕು, ನಡುವೆ ತೀರಾ ಕಷ್ಟವಾದರೆ ಯಾರಿಗೆ ಕರೆ ಮಾಡಬೇಕು. ಸಾಮಾನ್ಯವಾಗಿ ವಾರಕ್ಕೊಮ್ಮೆ ಮುಕ್ಕಾಲು ಗಂಟೆ, ಎಂಟರಿಂದ ಇಪ್ಪತ್ತು ಸಲ. ಹೊಸನಗರದ ಒಳಹಳ್ಳಿಯಿಂದ ವಾರವಾರ ಬಸ್ಸು ಹಿಡಿದು ಬರುವುದೆಂದರೆ ಪ್ರತಿಸಲ ಒಂದು ದಿನದ ಕೂಲಿ ಹೋದಂತೆ. ಹಾಗಾಗಿ ಮೊದಲೆರಡು ಸಲ ಎದುರು ಕೂತು, ಮುಂದಿನದನ್ನು ಫೋನಿನಲ್ಲಿ ನಡೆಸಬಹುದೇ ಎಂದು ಕೇಳಿ. ವಿಡಿಯೊ ಬೇಕೆಂದೇನಿಲ್ಲ, ದನಿ ಸ್ಪಷ್ಟವಿದ್ದರೆ ಸಾಕು. ನೆಟ್‌ವರ್ಕಿಗಾಗಿ ಗುಡ್ಡ ಹತ್ತುವವರು ಮಳೆಗಾಲಕ್ಕೆ ಬೇರೆ ಜಾಗ ಮೊದಲೇ ನೋಡಿಟ್ಟುಕೊಳ್ಳಬೇಕು. ಜಗಲಿಯಲ್ಲಿ ಮನೆಮಂದಿಯೆಲ್ಲ ಕೂತಿರುವಾಗ ಯಾರೂ ಮನಸ್ಸು ಬಿಚ್ಚುವುದಿಲ್ಲ.

ಇನ್ನೊಂದು ತೊಡಕು ನಮ್ಮ ಸೀಮೆಯದೇ. ಕೂತ ಕೂಡಲೇ 'ನೀವು ಯಾವ ಊರು, ಯಾರ ಪೈಕಿ?' ಎಂಬ ಪ್ರಶ್ನೆ ಬಂದು, ಎರಡು ಮಾತಿನಲ್ಲಿ ನೆಂಟಸ್ತನ ಹೊರಬೀಳುತ್ತದೆ. ಗುಟ್ಟು ಕಾಯುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ಚಿಕಿತ್ಸಕರ ಕರ್ತವ್ಯ. ಆದರೂ ನೆಂಟರಿಷ್ಟರ ಬಳಗದವರೆಂದು ಗೊತ್ತಾದರೆ ಬೇರೆಯವರನ್ನು ಹುಡುಕುವುದೇ ಒಳ್ಳೆಯದು. ಮೂರ್ನಾಲ್ಕು ಸಲದ ನಂತರವೂ ಮನಸ್ಸು ಹೊಂದಲಿಲ್ಲವಾದರೆ ಹಾಗೆಂದು ಹೇಳಿ ಬದಲಾಯಿಸಿ. ಅದಕ್ಕೆ ಯಾರೂ ಬೇಸರಿಸಬಾರದು.

ಮೊದಲ ಭೇಟಿಗೆ ಹಳೆಯ ಚೀಟಿಗಳು, ಬಿಪಿ, ಸಕ್ಕರೆ, ಥೈರಾಯ್ಡ್ ಮಾತ್ರೆಗಳ ಶೀಟು, ತೊಂದರೆ ಶುರುವಾದದ್ದು ಯಾವಾಗ ಎಂಬ ಒಂದು ಸಾಲಿನ ಟಿಪ್ಪಣಿ ಇರಲಿ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆ ಬರೆದರೆ ಮಾಡಿಸಿ, ಅವುಗಳ ಕೊರತೆಯೂ ಮನಸ್ಸನ್ನು ಕುಗ್ಗಿಸುತ್ತದೆ. ಕುಡಿತವಿದ್ದರೆ ಮುಚ್ಚಿಡಬೇಡಿ. ಮನೆಯವರು ಜೊತೆಗಿರಲಿ, ಆದರೆ ಐದು ನಿಮಿಷವಾದರೂ ಒಬ್ಬರೇ ಮಾತಾಡಬೇಕೆಂದು ಕೇಳಿ. ಸೊಸೆಯ ಕಷ್ಟವನ್ನು ಅತ್ತೆ ವಿವರಿಸುತ್ತ ಕೂತರೆ ಡಾಕ್ಟರಿಗೆ ತಿಳಿಯುವುದು ಅತ್ತೆಯ ಕಷ್ಟ ಮಾತ್ರ.

ಚಿಕಿತ್ಸೆ ಹೆಚ್ಚಾಗಿ ಮುರಿಯುವುದು ಮೊದಲ ಹದಿನೈದು ದಿನದಲ್ಲಿ. ಖಿನ್ನತೆಯ ಮಾತ್ರೆಗಳಲ್ಲಿ ತೊಂದರೆ ಮೊದಲು ಕಾಣುತ್ತದೆ, ಗುಣ ತಡವಾಗಿ. ವಾಕರಿಕೆ, ಬಾಯಿ ಒಣಗುವುದು, ಮಂಪರು ಮೊದಲ ವಾರದಲ್ಲೇ ಬರುತ್ತವೆ. ಮನಸ್ಸು ಹಗುರಾಗಲು ಎರಡರಿಂದ ಆರು ವಾರ ಬೇಕು. ಇದನ್ನು ಯಾರೂ ಬಿಡಿಸಿ ಹೇಳದಿದ್ದರೆ 'ಮಾತ್ರೆ ಆಗಿಬರಲಿಲ್ಲ' ಎಂದು ಹತ್ತನೇ ದಿನಕ್ಕೆ ಬಿಡುತ್ತಾರೆ. ಎರಡನೇ ಮುರಿತ ಗುಣ ಕಂಡ ಮೇಲೆ. ಮೊದಲ ಸಲದ ಖಿನ್ನತೆಗೆ, ಚೆನ್ನಾದ ಮೇಲೂ ಆರರಿಂದ ಒಂಬತ್ತು ತಿಂಗಳು ಮಾತ್ರೆ ಮುಂದುವರಿಯಬೇಕಾಗುತ್ತದೆ. ಅಡಿಕೆಯ ಕೊನೆಕೊಯ್ಲು ಬಂತೆಂದು, ಮಳೆಗೆ ಬಸ್ಸಿಲ್ಲವೆಂದು ಒಂದು ಭೇಟಿ ತಪ್ಪಿದರೆ ಮಾತ್ರೆಯೂ ಅಲ್ಲಿಗೇ ನಿಲ್ಲುತ್ತದೆ. ಜೂನ್ ಬರುವ ಮುಂಚೆ, ಕೊಯ್ಲಿನ ಮುಂಚೆ, ಹೆಚ್ಚು ದಿನದ ಮಾತ್ರೆ ಕೊಡಬಹುದೇ ಎಂದು ಕೇಳಿ, ಕೊಟ್ಟರೆ ಮನೆಯವರೊಬ್ಬರ ಕೈಯಲ್ಲಿರಲಿ. ನಿದ್ದೆಗೆಂದು ಬರೆದ ಆಲ್ಪ್ರಜೋಲಾಂ ಜಾತಿಯ ಮಾತ್ರೆಯ ಮಾತು ಬೇರೆ. ಹಳೆ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ತಿಂಗಳುಗಟ್ಟಲೆ ತರುತ್ತಿದ್ದರೆ ಅದೇ ಚಟವಾಗುತ್ತದೆ, ಒಮ್ಮೆಲೇ ಬಿಟ್ಟರೂ ಅಪಾಯ.

ಸಾಯುವ ಮಾತಾಡುವವರಿದ್ದ ಮನೆಯಲ್ಲಿ ಕಳೆನಾಶಕ, ಕೀಟನಾಶಕದ ಡಬ್ಬಿಗಳನ್ನು ಇವತ್ತೇ ಬೇರೆಯವರ ಮನೆಗೆ ಸಾಗಿಸಿ, ಅಥವಾ ಬೀಗ ಹಾಕಿ ಕೀಲಿಯನ್ನು ಇನ್ನೊಬ್ಬರ ಕೈಗೆ ಕೊಡಿ. ಅಡಿಕೆಗೆ ಕೊಳೆರೋಗ ಬಂದು ಫಸಲು ಉದುರಿದ ವರ್ಷ ಈ ಎಚ್ಚರ ಇನ್ನೂ ಹೆಚ್ಚಿರಲಿ. 'ಸಾಯಬೇಕು ಅನಿಸುತ್ತಿದೆಯಾ?' ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಎಷ್ಟೋ ಸಲ ಹಗುರಾಗುತ್ತದೆ. ಅವರನ್ನು ಒಬ್ಬರನ್ನೇ ಬಿಡಬೇಡಿ, ತುರ್ತಿದ್ದರೆ 108.

2017ರ ಕಾಯ್ದೆಯ 18ನೇ ಕಲಂ ಪ್ರಕಾರ ಅಗತ್ಯ ಔಷಧಿ ಪಟ್ಟಿಯ ಮಾನಸಿಕ ಕಾಯಿಲೆಯ ಮಾತ್ರೆಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ, ಎಲ್ಲ ಕಾಲದಲ್ಲಿ, ಉಚಿತವಾಗಿ ಸಿಗಬೇಕು. 'ಸ್ಟಾಕ್ ಇಲ್ಲ' ಎಂದರೆ ಚೀಟಿಯ ಮೇಲೆ ಹಾಗೆಯೇ ಬರೆಸಿಕೊಂಡು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಪ್ರತಿ ಕಳಿಸಿ. ಖಾಸಗಿ ವಿಮೆ ಇರುವವರಿಗೆ 21ನೇ ಕಲಂ ಇದೆ: ದೈಹಿಕ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಒದಗಿಸಬೇಕು.

ಜಿಲ್ಲಾಡಳಿತದಲ್ಲಿ ನಮ್ಮ ಕೇಳಿಕೆ ಎರಡು. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಎರಡು ದಿನವಾದರೂ ಕ್ಲಿನಿಕಲ್ ಸೈಕಾಲಜಿಸ್ಟ್ ಕೂರಲಿ. ಮಳೆಗಾಲ ಶುರುವಾಗುವ ಮುಂಚೆ ಮಾತ್ರೆಗಳ ದಾಸ್ತಾನು ತಾಲ್ಲೂಕಿಗೆ ತಲುಪಲಿ. ತಮ್ಮಲ್ಲಿ ಕೇಳುವುದು ಒಂದೇ. ಅಡಿಕೆ ಧಾರಣೆ ಅಚ್ಚಾಗುವ ಪುಟವನ್ನು ಮಲೆನಾಡಿನ ಮನೆಗಳಲ್ಲಿ ತಪ್ಪದೆ ನೋಡುತ್ತಾರೆ. ಪ್ರತಿ ಸೋಮವಾರ ಅದೇ ಪುಟದ ಮೂಲೆಯಲ್ಲಿ, ಮರುದಿನ ಮನೋವೈದ್ಯರು ಯಾವ ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆಂದು ಎರಡು ಸಾಲು ಹಾಕಿ, ಕೆಳಗೆ 14416 ಎಂದು ಅಚ್ಚು ಮಾಡಿ.

– ಮಾನಸಿಕ ಆರೋಗ್ಯ ಕಾರ್ಯಕರ್ತರು, ಶಿವಮೊಗ್ಗ