ಸ್ವಾಹಿಲಿ ಕಲಿಯಲು ಇಂಗ್ಲಿಷಿನ ದಾರಿ ಸುತ್ತುವುದೇಕೆ?

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯ ದಿನಬಳಕೆಯ ಪದಗಳ ಪಟ್ಟಿ ನೋಡಿ ಸಂತೋಷವಾಯಿತು. ತಾಂಜಾನಿಯಾ, ಕೀನ್ಯಾಗಳಿಗೆ ಕೆಲಸಕ್ಕೆಂದು ಹೋಗುವ ಕನ್ನಡಿಗರಿದ್ದಾರೆ, ಅಲ್ಲಿಂದ ನಮ್ಮ ಕಾಲೇಜುಗಳಿಗೆ ಓದಲು ಬರುವ ಮಕ್ಕಳೂ ಇದ್ದಾರೆ. ಇಂಥ ಪಟ್ಟಿ ಬೇಕಾದದ್ದೇ. ಆದರೆ ಅದು ಸ್ವಾಹಿಲಿಯಿಂದ ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಕನ್ನಡಕ್ಕೆ ಇಳಿದಿದೆ. ಈ ಸುತ್ತುದಾರಿಯಲ್ಲಿ ಸ್ವಾಹಿಲಿಗೂ ಕನ್ನಡಕ್ಕೂ ಸಲೀಸಾಗಿ ಹೊಂದುವ ಎಷ್ಟೋ ಅರ್ಥಗಳು ಕಳೆದುಹೋಗಿವೆ, ಕೆಲವು ತಪ್ಪೂ ಆಗಿವೆ.

ಮೊದಲು ಅನ್ನದ ವಿಷಯ. ಪಟ್ಟಿಯಲ್ಲಿ 'ವಾಲಿ' ಎಂದರೆ ರೈಸ್, 'ಮ್‌ಚೆಲೆ' ಎಂದರೂ ರೈಸ್, ಎರಡಕ್ಕೂ ಕನ್ನಡದಲ್ಲಿ 'ಅಕ್ಕಿ' ಎಂದಿದೆ. ಇಂಗ್ಲಿಷಿನವರು ಒಂದೇ ಪದದಲ್ಲಿ ಸುಧಾರಿಸುತ್ತಾರೆ. ಸ್ವಾಹಿಲಿಯವರು ನಮ್ಮ ಹಾಗೆಯೇ ಮೂರು ಹೇಳುತ್ತಾರೆ: ಗದ್ದೆಯಲ್ಲಿರುವುದು, ಹೊಟ್ಟು ಬಿಡಿಸದ್ದು 'ಮ್‌ಪುಂಗ', ಅಂದರೆ ಭತ್ತ, ಬಿಡಿಸಿದ್ದು 'ಮ್‌ಚೆಲೆ', ಅಂದರೆ ಅಕ್ಕಿ, ಬೆಂದದ್ದು 'ವಾಲಿ', ಅಂದರೆ ಅನ್ನ. ಅಂಗಡಿಯಲ್ಲಿ ಒಂದು ಕಿಲೊ 'ವಾಲಿ' ಕೊಡಿ ಎಂದರೆ ಒಂದು ಕಿಲೊ ಅನ್ನ ಕೇಳಿದಂತಾಗುತ್ತದೆ.

ತೆಂಗಿನದೂ ಇದೇ ಕಥೆ. ಕೋಕೊನಟ್ ಎಂಬ ಒಂದೇ ಪದದ ಕೆಳಗೆ ಪಟ್ಟಿ 'ನಾಜ಼ಿ'ಯನ್ನು ಮಾತ್ರ ಕೊಟ್ಟಿದೆ. ಆಫ್ರಿಕಾದ ಪೂರ್ವ ಕರಾವಳಿಯ ಅಡುಗೆ ನಿಂತಿರುವುದೇ ತೆಂಗಿನ ಮೇಲೆ. ಮರ 'ಮ್‌ನಾಜ಼ಿ', ಬಲಿತ ಕಾಯಿ 'ನಾಜ಼ಿ', ಎಳನೀರು 'ದಾಫ಼ು', ಕೊಬ್ಬರಿ 'ಮ್ಬಾತ', ಕರಟ 'ಕಿಫ಼ೂ', ಕಾಯಿಹಾಲು 'ತುಯಿ'. ತುರಿಯುವ ಸಾಧನದ ಹೆಸರು 'ಮ್ಬೂಜ಼ಿ': ಕುಳ್ಳ ಮಣೆ, ಮುಂದೆ ಚಾಚಿದ ಹಲ್ಲಿನ ಕಬ್ಬಿಣದ ಅಲಗು, ಮಣೆಯ ಮೇಲೆ ಕೂತು ಹೋಳನ್ನು ತಿರುಗಿಸುತ್ತ ತುರಿಯುವುದು. ನಮ್ಮ ತುರಿಮಣೆಯೇ. ಪಟ್ಟಿಯಲ್ಲಿ 'ಮ್ಬೂಜ಼ಿ' ಎಂದರೆ ಆಡು ಎಂದಷ್ಟೇ ಇದೆ. ಅದೂ ಸರಿಯೇ, ಆದರೆ ಅಡುಗೆಯ ವಿಧಾನ ಓದುವವರಿಗೆ ಆಡಿನಿಂದ ಕಾಯಿ ತುರಿಯುವುದು ಹೇಗೆಂದು ತಿಳಿಯುವುದಿಲ್ಲ. ತುರಿಗೆ ಬೆಚ್ಚನೆಯ ನೀರು ಹಾಕಿ ಹಿಸುಕಿ, 'ಕಿಫ಼ುಂಬು' ಎಂಬ ಹೆಣೆದ ಚೀಲದಲ್ಲಿ ಹಿಂಡುತ್ತಾರೆ. ಮೊದಲು ಬರುವ ಗಟ್ಟಿ ಹಾಲು 'ತುಯಿ ಜ಼ೀತೊ', ಆಮೇಲೆ ಬರುವ ತೆಳು ಹಾಲು 'ತುಯಿ ಜೆಪೇಸಿ', ಉಳಿದ ಚರಟ 'ಚೀಚ'. ಅಕ್ಕಿಯನ್ನು ತೆಳು ಹಾಲಿನಲ್ಲಿ ಬೇಯಿಸಿ, ನೀರು ಇಂಗುವ ಹೊತ್ತಿಗೆ ಗಟ್ಟಿ ಹಾಲು ಸುರಿದರೆ 'ವಾಲಿ ವ ನಾಜ಼ಿ'. ಗಟ್ಟಿ ಹಾಲನ್ನು ಮೊದಲೇ ಹಾಕಿ ಕುದಿಸಿದರೆ ಒಡೆದು ಎಣ್ಣೆ ಬಿಡುತ್ತದೆ. ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಾಳುಕಡಿಯಲ್ಲಿ ನಿಜವಾದ ತಪ್ಪುಗಳಿವೆ. 'ಮಹಿಂದಿ'ಗೆ ಕಾರ್ನ್, ಅದರಿಂದ 'ಜೋಳ' ಎಂದು ಬಂದಿದೆ. ಅದು ಮೆಕ್ಕೆಜೋಳ. ನಮ್ಮ ರೊಟ್ಟಿಯ ಜೋಳಕ್ಕೆ ಅಲ್ಲಿ 'ಮ್‌ತಾಮ' ಎನ್ನುತ್ತಾರೆ. ಮಿಲೆಟ್ ಎಂಬ ಪದದ ಕೆಳಗೆ ಎಲ್ಲವನ್ನೂ 'ಸಿರಿಧಾನ್ಯ' ಎಂದು ತುಂಬಿದ್ದೀರಿ. ಬಿಡಿಸಿ ಬರೆಯಬಹುದಿತ್ತು: ರಾಗಿ ತಾಂಜಾನಿಯಾದಲ್ಲಿ 'ಉಲೇಜ಼ಿ', ಕೀನ್ಯಾದಲ್ಲಿ 'ವಿಂಬಿ', ಸಜ್ಜೆ 'ಉವೇಲೆ'. ರಾಗಿಯ ತವರೇ ಪೂರ್ವ ಆಫ್ರಿಕಾ. 'ಉಜಿ ವ ವಿಂಬಿ' ಎಂದರೆ ರಾಗಿ ಗಂಜಿ. 'ಮ್ಬಾಜ಼ಿ'ಗೆ ಇಂಗ್ಲಿಷಿನ ಪಿಜನ್ ಪೀ ಹಿಡಿದು 'ಒಂದು ಬಗೆಯ ಬಟಾಣಿ' ಎಂದಿದ್ದೀರಿ. ಅದು ತೊಗರಿ. ತಾಂಜಾನಿಯಾದಿಂದ ಭಾರತಕ್ಕೆ ತೊಗರಿ ಆಮದಾಗುತ್ತದೆ. ಕಲಬುರಗಿಯ ಬೇಳೆ ವ್ಯಾಪಾರಿಗೆ ಈ ಪದ ಸರಿಯಾಗಿ ತಿಳಿದಿರಬೇಕು. ಇನ್ನು 'ಉಗಾಲಿ'ಗೆ 'ಗಟ್ಟಿ ಗಂಜಿ' ಎಂಬ ಅನುವಾದವೇಕೆ? ಕುದಿಯುವ ನೀರಿಗೆ ಹಿಟ್ಟು ಬಿಟ್ಟು, 'ಮ್ವೀಕೊ' ಎಂಬ ಮರದ ಸಟ್ಟುಗದಲ್ಲಿ ಪಾತ್ರೆಯ ಅಂಚು ಬಿಡುವವರೆಗೆ ತಿರುವುವುದು ಮುದ್ದೆಯಲ್ಲದೆ ಮತ್ತೇನು? ಹೆಚ್ಚಾಗಿ ಮೆಕ್ಕೆಜೋಳದ ಹಿಟ್ಟಿನದು, ಅಷ್ಟೇ.

ದೇಹದ ಭಾಗಗಳಲ್ಲೂ ಇಂಗ್ಲಿಷ್ ಸುಮ್ಮನೆ ಗೊಂದಲ ತಂದಿದೆ. 'ಮ್‌ಕೋನೊ' ಎಂದರೆ 'ಅಂಗೈ ಅಥವಾ ತೋಳು', 'ಮ್‌ಗೂ' ಎಂದರೆ 'ಪಾದ ಅಥವಾ ಕಾಲು' ಎಂದಿದೆ. ಕೈ, ಕಾಲು ಎಂದರೆ ಮುಗಿಯಿತು.

'ನೋ' ಎಂಬುದಕ್ಕೆ 'ಹಪಾನ' ಒಂದನ್ನೇ ಕಲಿಸಿದರೆ ಮಾತು ಮುಂದೆ ಹೋಗುವುದಿಲ್ಲ. ಕನ್ನಡದ ಇಲ್ಲ, ಅಲ್ಲ, ಬೇಡ ಮೂರನ್ನೂ ಸ್ವಾಹಿಲಿ ಬೇರೆ ಬೇರೆಯಾಗಿಯೇ ಇಟ್ಟುಕೊಂಡಿದೆ. 'ಹಕೂನ ಮಾಜಿ' ನೀರಿಲ್ಲ. 'ಹಾಯ ಸಿ ಮಾಜಿ' ಇದು ನೀರಲ್ಲ. 'ಸಿತಾಕಿ ಮಾಜಿ' ನನಗೆ ನೀರು ಬೇಡ. ಹಾಗೆಯೇ 'ಪೋಲೆ' ಎಂದರೆ ಸಾರಿ ಎಂದು ನೋಡಿ 'ಕ್ಷಮಿಸಿ' ಎಂದು ಹಾಕಿದ್ದೀರಿ. ಯಾರಾದರೂ ಎಡವಿದರೆ, ಕಾಯಿಲೆ ಬಿದ್ದರೆ, ದಣಿದು ಬಂದರೆ ಹೇಳುವ ಮರುಕದ ಮಾತು ಅದು, ನಮ್ಮ 'ಅಯ್ಯೋ ಪಾಪ' ಇದ್ದಂತೆ. ತಪ್ಪು ನಿಮ್ಮದಾದಾಗ ಹೇಳಬೇಕಾದದ್ದು 'ಸಮಹಾನಿ'. 'ಶಿಕಮೋ' ಎಂಬುದು ಕಿರಿಯರು ಹಿರಿಯರಿಗೆ ಮಾತ್ರ ಹೇಳುವ ನಮಸ್ಕಾರ, ಹಿರಿಯರ ಉತ್ತರ 'ಮರಹಾಬ'. ಬರೀ ಹಲೋ ಎಂದು ಬರೆದರೆ ಅಜ್ಜ ಮೊಮ್ಮಗನಿಗೆ 'ಶಿಕಮೋ' ಎನ್ನುವ ಹಾಗಾಗುತ್ತದೆ.

ನೆಂಟಸ್ತಿಕೆಯ ಪದಗಳಿಗೆ ಅಂಕಲ್, ಆಂಟಿ ಬೇಡವೇ ಬೇಡ. 'ಮ್‌ಕೂಬ್ವ' ದೊಡ್ಡ, 'ಮ್‌ದೋಗೊ' ಚಿಕ್ಕ. ತಂದೆಯ ಅಣ್ಣ 'ಬಾಬಾ ಮ್‌ಕೂಬ್ವ', ತಮ್ಮ 'ಬಾಬಾ ಮ್‌ದೋಗೊ'. ತಾಯಿಯ ಅಕ್ಕ 'ಮಾಮಾ ಮ್‌ಕೂಬ್ವ', ತಂಗಿ 'ಮಾಮಾ ಮ್‌ದೋಗೊ'. ದೊಡ್ಡಪ್ಪ, ಚಿಕ್ಕಪ್ಪ, ದೊಡ್ಡಮ್ಮ, ಚಿಕ್ಕಮ್ಮ ಎಂದು ಅಕ್ಷರಶಃ ಕೂರುತ್ತವೆ. ಸೋದರಮಾವ 'ಮ್‌ಜೋಂಬ', ಸೋದರತ್ತೆ 'ಶಂಗಾಜ಼ಿ'. ಎಚ್ಚರವಿರಬೇಕಾದದ್ದು ಬೇರೆ ಕಡೆ: 'ಮಾಮಾ' ಅಲ್ಲಿ ತಾಯಿ, 'ಕಾಕಾ' ಅಣ್ಣ, 'ದಾದಾ' ಅಕ್ಕ. ಉತ್ತರ ಕರ್ನಾಟಕದವರು ಕಾಕಾ ಎಂದಾಗ ಚಿಕ್ಕಪ್ಪನನ್ನು ನೆನೆದುಕೊಂಡರೆ ಎಡವುತ್ತಾರೆ.

ಎಲ್ಲಕ್ಕಿಂತ ತುರ್ತಾಗಿ ತಿದ್ದಬೇಕಾದದ್ದು ಗಂಟೆ. 'ಸಾ ಮೋಜ' ಎಂದರೆ ಒಂದು ಗಂಟೆ ಎಂದಿದೆ. ಪದಕ್ಕೆ ಪದ ಸರಿ, ಹೊತ್ತು ತಪ್ಪು. ಸ್ವಾಹಿಲಿಯಲ್ಲಿ ಹಗಲಿನ ಎಣಿಕೆ ಬೆಳಿಗ್ಗೆ 6ರಿಂದ, ಇರುಳಿನದು ಸಂಜೆ 6ರಿಂದ. 'ಸಾ ಮೋಜ ಅಸುಬೂಹಿ' ಬೆಳಿಗ್ಗೆ 7. 'ಸಾ ಸೀತ ಮ್‌ಚಾನ' ಮಧ್ಯಾಹ್ನ 12, ಆದರೆ ಹೇಳುವ ಅಂಕಿ 6. 'ಸಾ ಮ್ಬೀಲಿ ನ ನೂಸು ಉಸೀಕು' ರಾತ್ರಿ ಎಂಟೂವರೆ. ಲೆಕ್ಕ ಸುಲಭ: ಆರು ಕೂಡಿಸಿ ಅಥವಾ ಕಳೆಯಿರಿ, ಗಡಿಯಾರದಲ್ಲಿ ಗಂಟೆಯ ಮುಳ್ಳಿಗೆ ಎದುರಿರುವ ಅಂಕಿ ಓದಿದರೂ ಆಯಿತು. ಬಸ್ಸಿನ ಟಿಕೆಟಿನ ಮೇಲೆ 12ರ ಜೊತೆ 'ಅಸುಬೂಹಿ' ಎಂದಿದ್ದರೆ ಬಸ್ಸು ಹೊರಡುವುದು ಬೆಳಗಿನ 6ಕ್ಕೆ. ಪಟ್ಟಿ ನಂಬಿ ಹೋದವರಿಗೆ ಬಸ್ಸು ಸಿಗುವುದಿಲ್ಲ.

ಉಚ್ಚಾರಕ್ಕೆ ಇಂಗ್ಲಿಷ್ ಅಕ್ಷರಗಳನ್ನು ಬಿಟ್ಟು ಕನ್ನಡ ಲಿಪಿಯನ್ನೇ ನೆಚ್ಚಿಕೊಳ್ಳಿ. ವರ್ಣಮಾಲೆಯಲ್ಲಿ ಕಲಿತು ಆಮೇಲೆ ನಾವು ಹೆಚ್ಚುಕಡಿಮೆ ಮರೆತೇಬಿಡುವ ಙ, ಞ ಎರಡೂ ಇಲ್ಲಿ ಜೀವಂತವಾಗಿವೆ. ದನ 'ಙೋಂಬೆ', ಮನೆ 'ಞೂಂಬ'. ಕೊನೆಯಿಂದ ಎರಡನೆಯ ಸ್ವರಕ್ಕೆ ಒತ್ತು ಬಿದ್ದು ಅದು ತುಸು ಎಳೆಯುತ್ತದೆ: 'ಞೂಂಬ' ಎಂಬುದು ಮನೆಯಲ್ಲಿ ಎಂದಾಗುವಾಗ 'ಞುಂಬಾನಿ'. 'ಮ್‌ತು', ಮನುಷ್ಯ, ಎನ್ನುವಾಗ ಮ್ ಅನ್ನೇ ಒಂದು ಪೂರ್ತಿ ಅಕ್ಷರದಂತೆ ಹೇಳಬೇಕು, 'ಮುತು' ಮಾಡಬಾರದು.

ಕೊನೆಯದಾಗಿ, ನಾಮಪದವನ್ನು ಒಂಟಿಯಾಗಿ ಕೊಡಬೇಡಿ. ಬಹುವಚನ ಪದದ ತಲೆಯಲ್ಲಿ ಬದಲಾಗುತ್ತದೆ, ವಿಶೇಷಣವೂ ಅದರ ಹಿಂದೆಯೇ ಹೋಗುತ್ತದೆ. ಬರೀ ಏಕವಚನ ಕಲಿತವರು ನಿಘಂಟಿನಲ್ಲಿ 'ವಿತಾಬು' ಹುಡುಕಿ ಸೋಲುತ್ತಾರೆ. ಮುಂದಿನ ಕಂತಿನಲ್ಲಿ ಪ್ರತಿ ಪದವನ್ನೂ ಹೀಗೆ ಅಚ್ಚು ಮಾಡಬೇಕೆಂದು ಕೋರಿಕೆ:

ಕಿತಾಬು – ಪುಸ್ತಕ. ವಿತಾಬು – ಪುಸ್ತಕಗಳು. ಕಿತಾಬು ಕಿಜ಼ೂರಿ – ಒಳ್ಳೆಯ ಪುಸ್ತಕ. ವಿತಾಬು ವಿಜ಼ೂರಿ – ಒಳ್ಳೆಯ ಪುಸ್ತಕಗಳು.

ಇತಿ,
ಸ್ವಾಹಿಲಿ ಕಲಿಸುವ ಒಬ್ಬ ಓದುಗ, ಬೆಂಗಳೂರು